ಚನಿಯನ ತಪ್ಪೊಪ್ಪಿಗೆ

ಜಾಮೀನು ಸಿಕ್ಕಿ ಹನ್ನೊಂದು ತಿಂಗಳಾದರೂ ಚನಿಯ ಜೈಲಿನಲ್ಲೇ ಇದ್ದ. ಧರ್ಮಪಾಲ ಇದನ್ನು ಯಾರಿಗೆ ಹೇಳಿದರೂ ಮೊದಲಿಗೆ ಅವರು ನಂಬುತ್ತಿರಲಿಲ್ಲ. ಜಾಮೀನು ಆದಮೇಲೆ ಮನುಷ್ಯ ಹೊರಗೆ ಬರಬೇಕಲ್ಲ ಎನ್ನುತ್ತಿದ್ದರು. ಬರಬೇಕು, ನಿಜ. ಬಂದಿರಲಿಲ್ಲ.

ಪರರಾಜ್ಯದ ತುರ್ಭೆಯ ಕಾರ್ಖಾನೆಗಳ ನಡುವಿನ ಒಂದು ಹೋಟೆಲಿನಲ್ಲಿ ಧರ್ಮಪಾಲ ನಲವತ್ತೊಂದು ವರ್ಷ ಅಡುಗೆ ಮಾಡಿದವನು. ಚನಿಯ ಅಲ್ಲಿ ಪಾತ್ರೆ ತೊಳೆಯುವವನು. ಇಪ್ಪತ್ತೆರಡು ವರ್ಷಗಳ ಹಿಂದೆ ಅವನನ್ನು ಕಾರ್ಕಳದ ಆಚೆಯ ಊರಿನಿಂದ ಕರೆತಂದವನೂ ಧರ್ಮಪಾಲನೇ. ಒಂದು ಮಧ್ಯಾಹ್ನ ಊಟದ ಗದ್ದಲದಲ್ಲಿ ಗಿರಾಕಿಯೊಬ್ಬನ ಬ್ಯಾಗು ಮೇಜಿನ ಅಡಿಯಿಂದ ಕಾಣೆಯಾಯಿತು. ಪೊಲೀಸರು ಬಂದು ಯಾರ ಮೇಲೆ ಸಂಶಯ ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಎಲ್ಲರ ಕಣ್ಣು ಮಾತ್ರ ಹಿಂದೆ ಪಾತ್ರೆ ತೊಳೆಯುವ ಮೋರಿಯ ಕಡೆಗೆ ಹೋಯಿತು. ಅಲ್ಲಿ ಚನಿಯ ಕುಕ್ಕುರುಗಾಲಿನಲ್ಲಿ ಕೂತು ಕಡಾಯಿ ಉಜ್ಜುತ್ತಿದ್ದ.

"ಇವನು ಬೆಳಗಿನಿಂದ ಇಲ್ಲಿಂದ ಎದ್ದದ್ದೇ ಇಲ್ಲ" ಎಂದ ಧರ್ಮಪಾಲ.

"ತುಮ್ಹಾರೇ ಗಾಂವ್ ಕಾ ಹೈ ನಾ?" ಎಂದು ಹವಾಲ್ದಾರ ನಕ್ಕ. ಒಂದೇ ಊರಿನವನ ಸಾಕ್ಷಿ ಎಂದಮೇಲೆ ಆ ಮಾತು ಅಲ್ಲಿಗೇ ಮುಗಿಯಿತು. ಬ್ಯಾಗು ಸಿಗಲೇ ಇಲ್ಲ. ಚನಿಯ ಒಳಗೆ ಹೋದ.

ಮೂರು ತಿಂಗಳಿಗೆ ಕೋರ್ಟು ಜಾಮೀನು ಕೊಟ್ಟಿತು. ಸರಕಾರದ ಕಡೆಯಿಂದ ಬಡವರಿಗೆ ಕೊಡುವ ವಕೀಲೆ ಅಶ್ಮಿತಾ ಆದೇಶವನ್ನು ಓದಿ ಹೇಳಿದಳು. ಅವಳು ಇಲ್ಲೇ ಹತ್ತಿರದ ಕಾಮೋಠೆಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಉಡುಪಿ ಕಡೆಯವರ ಮಗಳು. "ಅಪರಾಧ ಸಿದ್ಧ ಆಗೋವರೆಗೆ ಮನುಷ್ಯನ ಸ್ವಾತಂತ್ರ್ಯ ಕಸ್ಕೊಳ್ಳೋ ಹಾಗಿಲ್ಲ ಅಂತ ಸಾಫ್ ಬರ್ದಿದ್ದಾರೆ ಅಂಕಲ್. ಸಂವಿಧಾನದ ಹಕ್ಕು ಇದು. ಒಬ್ಬ ಲೋಕಲ್ ಜಾಮೀನುದಾರ ಬೇಕು, ಬಸ್. ಇಲ್ಲಿಯ ರೇಶನ್ ಕಾರ್ಡ್ ಇದ್ದವರು."

"ನಾನೇ ನಿಲ್ತೇನೆ" ಎಂದ ಧರ್ಮಪಾಲ.

"ನಿಮ್ಮ ಕಾರ್ಡ್ ಎಲ್ಲಿಯದು?"

ಅವನ ಕಾರ್ಡು ಊರಿನದು, ಆಧಾರೂ ಊರಿನದು. ಹೋಟೆಲಿನಲ್ಲಿ ಉಂಡು, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಸೇರಿಸಿ ಮಲಗಿದವರಿಗೆ ವಿಳಾಸ ಎಲ್ಲಿಂದ ಬರಬೇಕು? ಕಾಗದದ ಪ್ರಕಾರ ಅವನು ನಲವತ್ತೊಂದು ವರ್ಷ ಈ ಕಡೆ ಇರಲೇ ಇಲ್ಲ.

ಅಷ್ಟೇ ಆಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಹಿಂದೊಮ್ಮೆ ರೇಶನ್ ಕಾರ್ಡಿನ ಶಿಬಿರ ತುರ್ಭೆಗೇ ಬಂದಿತ್ತು. ಚನಿಯ ಒದ್ದೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಒಂದು ಫಾರ್ಮು ತಂದು ತೋರಿಸಿದ್ದ. "ಬೇಡ ಮಾರಾಯ" ಎಂದು ಅದನ್ನು ಹರಿದುಹಾಕಿದವನು ಧರ್ಮಪಾಲ. "ಇಲ್ಲಿ ಹೆಸರು ಬರೆಸಿದರೆ ಊರಿನ ಕಾರ್ಡಿನಿಂದ ಹೆಸರು ತೆಗೆದು ಹಾಕ್ತಾರೆ. ನಾಳೆ ಜಾಗ ಪಾಲಾಗುವಾಗ ನಿನ್ನನ್ನು ಯಾರು ಕೇಳ್ತಾರೆ?" ಹೋಟೆಲಿನ ಹನ್ನೆರಡೂ ಮಂದಿಗೆ ಅವನು ಇದೇ ಬುದ್ಧಿ ಹೇಳಿದ್ದ. ಅವನಿಗೆ ಅವನ ಹಿರಿಯರು ಹೇಳಿದ್ದೂ ಅದನ್ನೇ. ಎಲ್ಲರೂ ಒಂದು ದಿನ ಊರಿಗೆ ಹಿಂತಿರುಗುವವರು, ಇಲ್ಲಿ ಇರುವುದು ನಾಲ್ಕು ದಿನ ಎಂಬ ಲೆಕ್ಕ.

ಧರ್ಮಪಾಲ ಹೋಟೆಲಿನ ಯಜಮಾನ ರಂಜನ್ ಬಳಿ ಹೋದ. ನಾನೂ ಚನಿಯನೂ ಇಲ್ಲೇ ಇರುವವರು ಎಂದು ಒಂದು ಚೀಟಿ ಬರೆದುಕೊಡು ಎಂದ. ರಂಜನ್ ಇವನ ಕೈಯ ನೀರುದೋಸೆ ತಿಂದು ಬೆಳೆದವನು.

"ಧರ್ಮಣ್ಣ, ಹೋಟೆಲಲ್ಲಿ ಆದ್ಮಿ ಮಲಗ್ತಾನೆ ಅಂತ ನಾನೇ ಬರ್ಕೊಟ್ರೆ ಲೇಬರ್ ಆಫೀಸಿನವರು ನನ್ನನ್ನೇ ಒಳಗೆ ಹಾಕ್ತಾರೆ. ಸಮಝೋ ನಾ."

ಕಾಮೋಠೆಯಲ್ಲಿ ಸೊಸೆ ವಿನೋದಾ ಇದ್ದಳು, ಅಕ್ಕನ ಮಗಳು. ಸ್ವಂತ ಫ್ಲ್ಯಾಟು, ಇಲ್ಲಿಯದೇ ಕಾರ್ಡು. ಅವಳು ಚಾ ತಂದಿಟ್ಟು, "ಕೊಡುವ ಅಲ್ಲವಾ, ಪಾಪ" ಎಂದು ಗಂಡನ ಮುಖ ನೋಡಿದಳು.

ಗಂಡ ದಯಾನಂದ ಟಿವಿಯ ಸದ್ದು ತಗ್ಗಿಸಿದ. "ಮಾವ, ನಿಮಗೆ ಬೇಕಾದರೆ ನನ್ನ ಕಿಡ್ನಿ ಕೇಳಿ, ಕೊಡ್ತೇನೆ. ಆದರೆ ಆ ಚನಿಯ ಊರಿಗೆ ಓಡಿ ಹೋದರೆ ಪೊಲೀಸ್ ಬರುವುದು ಈ ಬಾಗಿಲಿಗೆ. ಬಿಲ್ಡಿಂಗಿನ ಸೊಸೈಟಿಯಲ್ಲಿ ನಾನು ಸೆಕ್ರೆಟರಿ."

"ಅವನು ಓಡುವವನಲ್ಲ."

"ನಿಮಗೆ ಗೊತ್ತುಂಟು. ನನಗೆ ಅವನ ಮುಖವೂ ಗೊತ್ತಿಲ್ಲ."

ತಪ್ಪಿಲ್ಲದ ಮಾತು. ಧರ್ಮಪಾಲ ಚಾ ಕುಡಿದು ಎದ್ದ. ದಯಾನಂದನ ಕಿಡ್ನಿಯನ್ನು ಅವನು ಕೇಳಲಿಲ್ಲ.

ಜಾಮೀನುದಾರ ಇಲ್ಲದೆಯೇ ಬಿಡಬೇಕು ಎಂದು ಅಶ್ಮಿತಾ ಅರ್ಜಿ ಹಾಕಿದಳು. ಅದಕ್ಕೆ ಪೊಲೀಸರ ರಿಪೋರ್ಟು ಬೇಕಿತ್ತು. ರಿಪೋರ್ಟು ಬರುವ ಮೊದಲು ಜಡ್ಜಿಗೆ ವರ್ಗವಾಯಿತು. ಕೇಸಾದರೂ ನಡೆಯಲಿ ಎಂದರೆ ಬ್ಯಾಗಿನ ಗಿರಾಕಿ ಗುಜರಾತಿಗೆ ಹೋಗಿದ್ದ, ಸಮನ್ಸು ಅವನಿಗೆ ತಲುಪುತ್ತಿರಲಿಲ್ಲ. ಧರ್ಮಪಾಲ ಪ್ರತಿ ತಾರೀಕಿಗೂ ಲೋಕಲ್ ಹಿಡಿದು ಹೋಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹೆಸರು ಕೂಗುತ್ತಿದ್ದರು, ಮುಂದಿನ ತಾರೀಕು ಕೊಡುತ್ತಿದ್ದರು.

ಹದಿನಾಲ್ಕನೆಯ ತಿಂಗಳಲ್ಲಿ, ಜೈಲಿನಲ್ಲಿ ಭೇಟಿಗೆಂದು ಬಿಡುವ ಮುಲಾಕಾತಿನ ಗಾಜಿನ ಆಚೆಯಿಂದ ಚನಿಯ ಫೋನಿನಲ್ಲಿ ಹೇಳಿದ: "ಧರ್ಮಣ್ಣ, ನಾನು ಒಪ್ಪಿಕೊಳ್ತೇನೆ."

"ಎಂತ ಒಪ್ಪಿಕೊಳ್ತಿ?"

"ಕದ್ದದ್ದು. ನಮ್ಮ ಬ್ಯಾರಕ್ಕಿನಲ್ಲಿ ಮಾಡಿದ್ದೇನೆ ಅಂದವರೆಲ್ಲ ಮನೆಗೆ ಹೋದರು. ಇದ್ದಷ್ಟು ದಿನವನ್ನೇ ಶಿಕ್ಷೆ ಅಂತ ಬರೆದು ಬಿಡ್ತಾರಂತೆ. ಮಾಡಲಿಲ್ಲ ಅಂದವರು ಮಾತ್ರ ಇದ್ದೇವೆ."

"ಆಮೇಲೆ ಸಾಯುವ ತನಕ ಕಳ್ಳ ಅಂತ ಆಗ್ತದೆ, ಮಾರಾಯ."

"ಈಗ ಎಂತ ಆಗಿದೆ?"

ನಿರಪರಾಧಿ ಎಂದು ಕೋರ್ಟಿನ ಬಾಯಿಂದಲೇ ಹೇಳಿಸಿ ಇವನನ್ನು ಊರಿಗೆ ಕಳಿಸಬೇಕು ಎಂಬುದೊಂದೇ ಧರ್ಮಪಾಲನಿಗೆ ಉಳಿದಿದ್ದ ಆಸೆ.

ಹೊಸ ಜಡ್ಜಿ ಒಳ್ಳೆಯ ಮನುಷ್ಯ. ಕಡತವನ್ನು ಪೂರ್ತಿ ಓದಿಕೊಂಡು ಬಂದಿದ್ದ. ಚನಿಯ ಕಟಕಟೆಯಲ್ಲಿ ಕೈಮುಗಿದು, ತನ್ನ ಹೋಟೆಲ್ ಹಿಂದಿಯಲ್ಲಿ ತಪ್ಪು ಒಪ್ಪಿಕೊಂಡ. ಯಾರಾದರೂ ಹೆದರಿಸಿದರೇ ಎಂದು ಜಡ್ಜಿ ಕೇಳಿದ. ಇಲ್ಲ ಎಂದ. ಒಪ್ಪಿಕೊಂಡರೆ ಶಿಕ್ಷೆ ಆಗುತ್ತದೆ, ಗೊತ್ತೇ ಎಂದ ಜಡ್ಜಿ. ಗೊತ್ತು ಎಂದ ಚನಿಯ. ಜಡ್ಜಿ ಕಡತದ ಒಂದು ಹಾಳೆ ತಿರುವಿದ.

"ಬ್ಯಾಗು ಯಾವ ಬಣ್ಣದ್ದು?"

ಚನಿಯ ಹಿಂದಿನ ಬೆಂಚಿನತ್ತ ತಿರುಗಿದ. "ಕಾಲಾ, ಸಾಹೇಬ್."

"ಒಳಗೆ ಏನಿತ್ತು?"

"ಪೈಸಾ."

"ಕಪ್ಪಲ್ಲ, ಹಸಿರು ಬ್ಯಾಗು" ಎಂದು ಜಡ್ಜಿ ಕಡತ ಮುಚ್ಚಿದ. "ಅದರಲ್ಲಿ ಹಣ ಇರಲಿಲ್ಲ. ಈ ಮನುಷ್ಯ ಆ ಬ್ಯಾಗನ್ನು ಕಣ್ಣಿಂದ ನೋಡಿಯೇ ಇಲ್ಲ. ಮಾಡದ ಅಪರಾಧವನ್ನು ಒಪ್ಪಿಸುವುದಕ್ಕೆ ಈ ಕೋರ್ಟು ಕೂತಿಲ್ಲ. ತಪ್ಪೊಪ್ಪಿಗೆ ಸ್ವೀಕಾರ ಇಲ್ಲ."

ಇಂಗ್ಲಿಷಿನ ಆ ಮಾತನ್ನು ಅಶ್ಮಿತಾ ಮೆಲ್ಲಗೆ ಕನ್ನಡದಲ್ಲಿ ತಿಳಿಸಿದಾಗ ಧರ್ಮಪಾಲನ ಕಣ್ಣು ತುಂಬಿತು. ಹದಿನಾಲ್ಕು ತಿಂಗಳಲ್ಲಿ ಚನಿಯ ಕಳ್ಳನಲ್ಲ ಎಂದು ಕೋರ್ಟಿನ ಬಾಯಿಂದ ಬಂದ ಮೊದಲ ಮಾತು ಅದು. ಇನ್ನೇನು ಬಾಗಿಲು ತೆರೆಯುತ್ತದೆ ಎಂದು ಅವನು ಎದ್ದು ನಿಂತೇ ಬಿಟ್ಟ.

ಹಾಗಾದರೆ ಇವನ ಸ್ವಂತ ಮುಚ್ಚಳಿಕೆಯ ಮೇಲೆ ಇವತ್ತೇ ಬಿಡಿ ಎಂದು ಅಶ್ಮಿತಾ ಕೇಳಿದಳು. ಸರಕಾರಿ ವಕೀಲ ಎದ್ದು, ಆರೋಪಿಗೆ ವಿಳಾಸವೇ ಇಲ್ಲ, ಬಿಟ್ಟರೆ ಕರ್ನಾಟಕಕ್ಕೆ ಹೋಗುತ್ತಾನೆ, ಪೊಲೀಸರ ರಿಪೋರ್ಟು ಬರಲಿ ಎಂದ. ಜಡ್ಜಿ ಕ್ಯಾಲೆಂಡರು ನೋಡಿದ. ಮಧ್ಯೆ ದೀಪಾವಳಿ ರಜೆ ಇತ್ತು. ಐದು ವಾರದ ಮುಂದಿನ ತಾರೀಕು ಬಿತ್ತು.

ಪೇದೆ ಕೈ ಹಿಡಿದು ಎಳೆಯುವಾಗ ಚನಿಯ ತಿರುಗಿ ಕೇಳಿದ: "ಧರ್ಮಣ್ಣ, ನಾನು ಎಂತ ತಪ್ಪು ಹೇಳಿದೆ?"

ಹೊರಗಿನ ವರಾಂಡದಲ್ಲಿ ಧರ್ಮಪಾಲ ಅಶ್ಮಿತಾಳನ್ನು ನಿಲ್ಲಿಸಿದ. ಅವಳ ಕೈಯ ಕಡತವನ್ನು ತೋರಿಸಿ, "ಆ ಬ್ಯಾಗಿನ ವಿಷಯ ಬರೆದದ್ದು ಉಂಟಲ್ಲ ಮಗಾ, ಒಮ್ಮೆ ಓದಿ ಹೇಳು" ಎಂದ.

ಅವಳಿಗೆ ಕೂಡಲೇ ಅರ್ಥವಾಯಿತು. "ಅಂಕಲ್, ನಾನು ವಕೀಲೆ. ಇದನ್ನ ನಾನು ಮಾಡೋ ಹಾಗಿಲ್ಲ."

"ನೀನು ಎಂತದೂ ಮಾಡಬೇಡ. ಓದು, ಅಷ್ಟೇ. ನನಗೆ ಓದ್ಲಿಕ್ಕೆ ಬರುವುದಿಲ್ಲ ನೋಡು."

ಅವಳು ಮುಖ ಬೇರೆ ಕಡೆಗೆ ಮಾಡಿಕೊಂಡು ಓದಿದಳು. ಅವನು ಇನ್ನೊಮ್ಮೆ ಓದಿಸಿದ. ನೂರು ಜನರ ಅಡುಗೆಯ ಅಳತೆಯನ್ನು ಎಂದೂ ಬರೆದಿಟ್ಟುಕೊಳ್ಳದ ತಲೆ ಅದು. ವಾಶಿ ಸ್ಟೇಷನ್ ಬರುವಷ್ಟರಲ್ಲಿ ಎಲ್ಲ ಬಾಯಿಪಾಠವಾಗಿತ್ತು.

ಮುಂದಿನ ಮುಲಾಕಾತಿನ ದಿನ ಗಾಜಿನ ಎರಡು ಬದಿ ಇಬ್ಬರೂ ಫೋನು ಹಿಡಿದು ಕೂತರು.

"ಬಣ್ಣ?"

"ಹಸಿರು."

"ಒಳಗೆ?"

"ಟಿಫಿನ್ ಡಬ್ಬ. ಅಳತೆಯ ಪಟ್ಟಿ. ಕಾರ್ಖಾನೆಯ ನಕ್ಷೆ, ಸುರುಳಿ ಮಾಡಿದ್ದು."

"ಕನ್ನಡಕ ಬಿಟ್ಟೆಯಲ್ಲ. ಎಲ್ಲಿತ್ತು?"

"ಹೊರಗಿನ ಕಿಸೆಯಲ್ಲಿ."

"ಯಾವ ಕೈಯಲ್ಲಿ ಎತ್ತಿದೆ?"

ಅದು ಕಾಗದದಲ್ಲಿ ಇರಲಿಲ್ಲ. ಚನಿಯ, ಪಾತ್ರೆ ತೊಳೆಯುವ ಸೋಡಾದಿಂದ ಬಿಳಿಚಿದ ತನ್ನ ಎರಡು ಕೈಗಳನ್ನೂ ನೋಡಿಕೊಂಡ.

"ಬಲಗೈ ಅಂತ ಹೇಳು" ಎಂದ ಧರ್ಮಪಾಲ.