ಕೇಳಿದವರಿಗೆ ಇಲ್ಲ ಅನ್ನದ ದ್ವೀಪ

ಮಿಂಚಿತು, ಅಲ್ಲಿ, ಹವಳದ ಬಂಡೆಯ ನೊರೆಯಿಂದಾಚೆ, ಮೀನಲ್ಲ, ಮೀನು ಒಂದೇ ಕಡೆ ಮತ್ತೆ ಮತ್ತೆ ಮಿಂಚುವುದಿಲ್ಲ, ಕನ್ನಡಿ, ನನ್ನದೇ ಕನ್ನಡಿ, ಅತಿಥಿಗಳ ಕೋಣೆಯಿಂದ ತೆಗೆದು ತಮ್ಮನ ದೋಣಿಯಲ್ಲಿಟ್ಟದ್ದು, ಇಟ್ಕೊಳ್ಳೋ ಬೌರೋ, ನಿನ್ನ ಎಂಜಿನ್ನೂ ನಿನ್ನ ಹಾಗೇ, ಯಾವಾಗ ಮುನಿಸಿಕೊಳ್ಳುತ್ತೋ ಗೊತ್ತಿಲ್ಲ, ನಿಂತ್ರೆ ಇದನ್ನ ಬಿಸಿಲಿಗೆ ಹಿಡಿ — ನಕ್ಕಿದ್ದ, ಅದಕ್ಕೆ ನನ್ನ ಮುಖ ತೋರಿಸಿದ್ರೆ ಹೆದರಿ ಸ್ಟಾರ್ಟ್ ಆಗುತ್ತೆ ಬಿಡಕ್ಕ. ಮತ್ತೆ ಮಿಂಚಿತು, ಮೊದಲಿಗಿಂತ ಸಣ್ಣಗೆ, ಎಂಜಿನ್ ನಿಂತಿದೆ, ಸೆಳೆತ ಅವನನ್ನು ಪಡುವಣಕ್ಕೆ ಎಳೆಯುತ್ತಿದೆ, ಆ ಕಡೆ ಊರಿಲ್ಲ, ನೆಲವಿಲ್ಲ. ನಮ್ಮ ಮನೆಯಲ್ಲಿ ಉಳಿಯಲು ಬರುವವರಿಗೆ ವಿಮಾನದಿಂದ ಇಳಿದ ಕೂಡಲೇ ಹೇಳುತ್ತೇನೆ, ಬಾವಿ ನೀರು ಕುದಿಸಿ ಕುಡಿಯಿರಿ, ಮೊಣಕಾಲು ಮುಚ್ಚಿಕೊಳ್ಳಿ, ಚಾವಡಿಯಲ್ಲಿ ಹಿರಿಯರು ಕೂತಿದ್ದರೆ ಬಗ್ಗಿ ನಡೆಯಿರಿ, ಹವಳ ಕಾಲು ಕೊಯ್ದರೆ ಆಗಲೇ ತೊಳೆಯಿರಿ, ಬಂಡೆಯ ಮೀನಲ್ಲಿ ಕೆಲವು ವಿಷ, ತಿನ್ನುವ ಮುಂಚೆ ನಮ್ಮನ್ನು ವಿಚಾರಿಸಿ, ವಾಪಸು ಹೋಗುವ ವಿಮಾನ ಬಂದರೆ ಬಂತು — ಎಲ್ಲ ಹೇಳಿ ಒಂದನ್ನು ಬಿಟ್ಟೆ, ನಮ್ಮ ಹತ್ತಿರ ಇರುವುದನ್ನು ಕೇಳಬೇಡಿ, ನಮಗೆ ಇಲ್ಲ ಅನ್ನಲು ಬರುವುದಿಲ್ಲ, ಕೇಳಿದವರನ್ನು ಬರಿಗೈಲಿ ಕಳಿಸಿದ ಮನೆಯನ್ನು ಮೊಮ್ಮಕ್ಕಳ ಕಾಲಕ್ಕೂ ಬೆರಳು ತೋರಿಸಿ ಆಡಿಕೊಳ್ಳುತ್ತಾರೆ, ಅದು ನೆಂಟರ ನಡುವಿನ ಕಟ್ಟಳೆ, ನಿಜ, ಆದರೆ ನಮ್ಮ ಮನೆಯ ಚಾಪೆಯ ಮೇಲೆ ಮಲಗಿ ಎದ್ದವನು ನೆಂಟನಲ್ಲವೇ. ಹಕ್ಕಿ ನೋಡಲು ಬಂದವನು, ಒಳ್ಳೆಯವನೇ, ನನ್ನ ಮಂಡಿ ನೋವಿಗೆ ಮುಲಾಮು ಕೊಟ್ಟವನು, ಬಂದ ದಿನ ಗಡ್ಡ ಕೆರೆಯಲು ಕನ್ನಡಿ ಕೇಳಿದ್ದ, ದೋಣಿಯಲ್ಲಿತ್ತು, ಕೈಗೆ ಸಿಕ್ಕಿದ್ದರೆ ಅದನ್ನೂ ಕೊಡುತ್ತಿದ್ದೆ, ನಿನ್ನೆ ರಾತ್ರಿ ಊಟಕ್ಕೆ ಕೂತು ಕೇಳಿದ, ಆ ಡ್ರಮ್ಮಿನ ಪೆಟ್ರೋಲ್ ಕೊಡ್ತೀರಾ, ಉತ್ತರದ ತಿಟ್ಟಲ್ಲಿ ಹಕ್ಕಿ ಗೂಡು ಕಟ್ಟಿವೆಯಂತೆ, ಆಗಲ್ಲ ಅಂದ್ರೂ ಬೇಜಾರಿಲ್ಲ — ಆಗಲ್ಲ ಅನ್ನುವ ಬಾಯಿ ಯಾರಿಗಿದೆ ಇಲ್ಲಿ, ಹಡಗು ಬರುವ ತನಕ ಊರಿಗೆಲ್ಲ ಉಳಿದದ್ದು ಅದೊಂದೇ ಡ್ರಮ್ಮು, ಕಡಲಲ್ಲಿ ಯಾರಾದರೂ ತಪ್ಪಿಹೋದರೆ ಹುಡುಕಲೆಂದು ನಮ್ಮ ಮನೆಯಲ್ಲಿ ಇಟ್ಟದ್ದು, ಬಾಯಿ ತೆರೆದೆ, ತಗೊಳ್ಳಿ ಎಂದೆ, ಗಂಡ ತಿಯೋಟಿ ಬೆಳಕು ಹರಿಯುವಾಗ ಅಷ್ಟನ್ನೂ ಟ್ಯಾಂಕಿಗೆ, ಕ್ಯಾನುಗಳಿಗೆ ತುಂಬಿ, ಅತಿಥಿಯನ್ನು ಕೂರಿಸಿಕೊಂಡು ನಮ್ಮ ದೋಣಿಯಲ್ಲಿ ಹೊರಟೇ ಹೋದ, ಬರುವುದು ಸಂಜೆಗೆ, ಬೌರೋ ಬೆಳಕು ಹರಿಯುವ ಮುಂಚೆಯೇ ತನ್ನ ಟ್ಯಾಂಕಿನ ತಳದಲ್ಲಿದ್ದದ್ದನ್ನೇ ನಂಬಿ ಮೀನಿಗೆ ಹೋಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ತೇಬುರೆಯಾ, ಮಂಡಿಯುದ್ದ ನೀರಲ್ಲಿ, ಬೈಯಲಿ ಎಂದು ಕಾಯುತ್ತೇನೆ, ಒಂದು ಹಿಡಿ ಮರಳೆತ್ತಿ ಎರಚಲಿ, ಅವಳು ಕಣ್ಣು ಕೀಳದೆ ಹೇಳುತ್ತಾಳೆ, ಕೇಳಿದ್ಮೇಲೆ ಇನ್ನೇನು ಮಾಡೋಕಾಗ್ತಿತ್ತು ಅತ್ತಿಗೆ, ನಾನಿದ್ರೂ ಕೊಡ್ತಿದ್ದೆ — ಕೊಡುತ್ತಿದ್ದಳು, ಅದೇ ನನ್ನನ್ನು ಕೊಲ್ಲುತ್ತಿದೆ. ಪಕ್ಕದ ಮನೆಯ ಕೈತು ಅಜ್ಜ ಬೌರೋನ ಕರೆತರಲು ಹಾಯಿದೋಣಿ ನೂಕಿಕೊಂಡು ಹೋದ, ನಿನ್ನ ಕೈಲಾಗುತ್ತಾ ಅಜ್ಜ ಎಂದೆ, ನನ್ನ ಮುದುಕಿ ಬಾಯಿಗಿಂತ ಸಮುದ್ರ ಮೆತ್ತಗಿದೆ ಬಿಡೇ ಎಂದ, ಗಾಳಿ ಸತ್ತಿದೆ, ಹಾಯಿ ಒಗೆದು ಹರವಿದ ಬಟ್ಟೆಯಂತೆ ಜೋತಿದೆ, ಹುಟ್ಟು ಹಾಕಿ ಹಾಕಿ ಇನ್ನೂ ಬಂಡೆಯ ಬಾಯಲ್ಲೇ ಇದ್ದಾನೆ, ರೇಡಿಯೋದಲ್ಲಿ ರಾಜಧಾನಿ ತರಾವಾದವರು ನಾಳೆ ದೋಣಿ ಕಳಿಸ್ತೀವಿ ಅಂದರು, ನಾಳೆ, ಅಷ್ಟರಲ್ಲಿ ಅವನು ಯಾವ ನೀರಲ್ಲೋ. ನೆರಳು ಕಾಲಬುಡಕ್ಕೆ ಬಂತು, ಬೆಳಗಿನಿಂದ ಸೂರ್ಯ ನಮ್ಮ ಬೆನ್ನಿಗಿದ್ದ, ಕನ್ನಡಿ ಅವನನ್ನು ಹಿಡಿದು ನಮ್ಮತ್ತ ಎಸೆಯುತ್ತಿತ್ತು, ಇನ್ನು ಅವನು ಬೌರೋನ ಬೆನ್ನಿಗೆ ಇಳಿಯುತ್ತಾನೆ, ಆಮೇಲೆ ಎಷ್ಟು ತಿರುಗಿಸಿದರೂ ಕನ್ನಡಿ ಕುರುಡು, ಗೊತ್ತಿರುತ್ತದೆ ಬೌರೋಗೂ, ಅದಕ್ಕೇ ಅಷ್ಟು ಅವಸರ ಅವಸರವಾಗಿ — ಮಿಂಚಿತು, ಕಂಡಿತಾ, ಕಂಡಿತು ಅತ್ತಿಗೆ — ಕೇಳುತ್ತಿದ್ದಾನೆ, ಯಾರಿಗೂ ಇಲ್ಲ ಅನ್ನದ ಅಕ್ಕನನ್ನು ಕೇಳುತ್ತಿದ್ದಾನೆ, ಖಾಲಿ ಡ್ರಮ್ಮು ನನ್ನ ಹಿಂದೆ ಬಿಸಿಲಿಗೆ ಟಣ್ಣೆನ್ನುತ್ತದೆ, ಮಿಂಚಿತು, ಅಲ್ಲ, ನೀರಿನ ಹೊಳಪು, ಅಲ್ಲ, ಅಲ್ಲಿ, ಸಾಸಿವೆಯಷ್ಟು, ಮಿಂಚಿತು —