ಒದ್ದೆಯಾಗದ ಟವೆಲ್

ನನ್ನ ಬಾಯಿಗೆ ಬೀಗವಿಲ್ಲ ಎಂದು ತಂಗಿ ಯಾವಾಗಲೂ ಹೇಳುತ್ತಾಳೆ. ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದೇನೆ. ಒಬ್ಬಳನ್ನು ಮಿಡತೆ, ಇನ್ನೊಬ್ಬಳನ್ನು ಕೊಕ್ಕರೆ ಎಂದು ಕರೆದಿದ್ದೇನೆ, ಯಾರೂ ಮುಖ ಊದಿಸಿಕೊಂಡಿಲ್ಲ. ಹಾಗಾಗಿ ತಂಗಿಯ ಮಗಳು ಹತ್ತನೇ ವಯಸ್ಸಿಗೆ ನಮ್ಮ ಹಾಲ್‌ಗೆ ಬಂದು, ಮೊದಲ ದಿನವೇ ನೀಲಿ ಮ್ಯಾಟಿನ ಆ ತುದಿಯಿಂದ ಈ ತುದಿಯವರೆಗೆ ಒದ್ದೆ ಹೆಜ್ಜೆ ಮೂಡಿಸಿದಾಗ, "ಬಂದಳಪ್ಪ ನಲ್ಲಿ!" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವನ್ನು ನಾನು ಎರಡು ವರ್ಷ ನಂಬಿಕೊಂಡಿದ್ದೆ.

ಅವಳ ಕೈಕಾಲು ಬೆವರುವುದಕ್ಕೆ ಬಿಸಿಲೂ ಬೇಡ, ಓಟವೂ ಬೇಡ. ಪರೀಕ್ಷೆ ಬರೆಯುವಾಗ ಅಂಗೈ ಕೆಳಗೆ ಕರ್ಚೀಫು ಇಟ್ಟುಕೊಳ್ಳದಿದ್ದರೆ ಉತ್ತರಪತ್ರಿಕೆ ಹರಿದುಹೋಗುತ್ತಿತ್ತು. ಡಾಕ್ಟರ್ ನೋಡಿ, ಇದು ರೋಗವಲ್ಲ, ಕೆಲವರ ಮೈಯೇ ಹೀಗೆ ಎಂದರು. ಮಲಗುವ ಮುಂಚೆ ಚೆನ್ನಾಗಿ ಒಣಗಿದ ಕೈಗೆ ಹಚ್ಚಿ ಬೆಳಗ್ಗೆ ತೊಳೆಯುವಂಥ ಒಂದು ಔಷಧ ಕೊಟ್ಟರು. ಎರಡು ಜೊತೆ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿಕೊಳ್ಳಬೇಕು, ಮಧ್ಯಾಹ್ನ ಸಾಕ್ಸ್ ಬದಲಿಸಬೇಕು ಎಂದರು. ತಂಗಿ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಬೆವರು ಅರ್ಧಕ್ಕೆ ಇಳಿಯಿತು, ನಿಲ್ಲಲಿಲ್ಲ.

ನನಗಂತೂ ನಿದ್ದೆ ಬರುತ್ತಿರಲಿಲ್ಲ. ಈ ಕೈ ನಮ್ಮ ಮನೆಯದೇ. ನನ್ನ ಕೈಯೂ ಹೀಗೇ ಬೆವರುತ್ತಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ನಾನು, ಒಂದು ತಗ್ಗು ಒಂದು ಎತ್ತರ ಇರುವ ಎರಡು ಅಡ್ಡಕಂಬಿಗಳ ಆಟದಲ್ಲಿ, ಮೇಲಿನ ಬಾರ್‌ನಿಂದ ಕೈ ಜಾರಿ ಬಿದ್ದಿದ್ದೆ. ಎಡ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಬಿದ್ದ ನೋವು ಮರೆತಿದ್ದೇನೆ. ಬಾರ್ ಬೆರಳಿನಿಂದ ಬಿಟ್ಟುಹೋಗುವಾಗ ಏನೂ ಮಾಡಲಾಗದ ಆ ಅರೆಕ್ಷಣ ಮಾತ್ರ ಮರೆತಿಲ್ಲ.

ಅದಕ್ಕೇ ನನ್ನ ಹಾಲ್‌ನಲ್ಲಿ ಒಂದು ಕಟ್ಟಪ್ಪಣೆ: ಮೊದಲು ಒರೆಸು, ಆಮೇಲೆ ಪುಡಿ. ಕೈ ಜಾರದಿರಲಿ ಎಂದು ನಾವು ಬಿಳಿ ಚಾಕ್ ಪುಡಿ ಹಚ್ಚುತ್ತೇವಲ್ಲ, ಅದು ಒಣಗಿದ ಕೈಯ ಮೇಲೆ ತೆಳ್ಳಗಿದ್ದರೆ ಮಾತ್ರ ಹಿಡಿತ. ಒದ್ದೆ ಕೈಯ ಮೇಲೆ ಬಿದ್ದರೆ ಗೋಡೆಗೆ ಬಳಿಯುವ ಸುಣ್ಣವಾಗುತ್ತದೆ, ಸೋಪಿನಂತೆ ಜಾರುತ್ತದೆ. ಹೆದರಿದ ಮಕ್ಕಳು ಮಾಡುವುದೇ ಅದನ್ನು: ಬೆವರಿದಷ್ಟೂ ಪುಡಿ ಮೆತ್ತಿಕೊಳ್ಳುತ್ತಾರೆ.

ಜಿಲ್ಲಾ ತಂಡದ ಆಯ್ಕೆಗೆ ಒಂದು ತಿಂಗಳಿರುವಾಗ ಅಭ್ಯಾಸದಲ್ಲಿ ಅವಳ ಬಲಗೈ ಜಾರಿತು. ಕೆಳಗೆ ನಾನಿದ್ದೆ, ಸೊಂಟ ಹಿಡಿದೆ. ಅಂಗೈ ತಿರುಗಿಸಿ ನೋಡಿದರೆ ಬಿಳಿ ಮುದ್ದೆ.

"ಒರೆಸಿಕೊಂಡ್ಯಾ?"

"ಹೂಂ ಟೀಚರ್." ಹಾಲ್‌ನೊಳಗೆ ನಾನು ಟೀಚರ್, ಹೊರಗೆ ದೊಡ್ಡಮ್ಮ.

ಚೀಲ ತೆಗೆದು ನೋಡಿದೆ. ತಂಗಿ ಮಡಿಚಿಟ್ಟ ಟವೆಲ್ ಮಡಿಚಿದ ಹಾಗೇ ಇತ್ತು, ಒಂದು ಹನಿಯೂ ತಾಗಿರಲಿಲ್ಲ. ನನ್ನ ಕೋಪ ನೆತ್ತಿಗೇರಿತು. "ಇದೇನು ಮ್ಯೂಸಿಯಂನಲ್ಲಿ ಇಡೋಕೆ ತಂದಿದ್ದೀಯಾ? ನಲ್ಲಿಗೆ ನಾಚಿಕೆ ಬೇರೆ ಕೇಡು!" ಎಂದು ಎಲ್ಲರೆದುರು ಕೂಗಾಡಿದೆ. ಅವಳು ತಲೆ ತಗ್ಗಿಸಿ ನಿಂತಳು. ಅಂದಿನಿಂದ ಅವಳ ಮಾತು ಕೇಳುವುದನ್ನೇ ಬಿಟ್ಟೆ. ಬಾರ್ ಹತ್ತುವ ಮುಂಚೆ ಟವೆಲ್ ಮುಟ್ಟಿ ನೋಡುತ್ತಿದ್ದೆ. ಒದ್ದೆಯಿದ್ದರೆ ಹತ್ತು, ಇಲ್ಲದಿದ್ದರೆ ಇಳಿ, ಅಷ್ಟೆ.

ಆಯ್ಕೆಯ ದಿನ ದೊಡ್ಡ ಹಾಲ್‌ನಲ್ಲಿ ನಲವತ್ತು ಹುಡುಗಿಯರು. ಹನ್ನೆರಡು ವರ್ಷದವರೆಗಿನವರ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಬರುವ ವರ್ಷ ಅವಳ ವಯಸ್ಸು ಮೀರುತ್ತದೆ. ಇದೇ ಮೊದಲು, ಇದೇ ಕೊನೆ. ನಿಯಮ ಸರಳವಾಗಿತ್ತು: ಒಬ್ಬೊಬ್ಬರಿಗೆ ಒಂದೇ ಸರದಿ, ಬಾರ್ ಕೆಳಗೆ ಟೀಚರ್ ನಿಲ್ಲಬಹುದು, ಆದರೆ ಮುಟ್ಟಿದರೆ ಅಥವಾ ಕೂಗಿ ತಡೆದರೆ ಸರದಿ ಮುಗಿದಂತೆ. ಒಂದೂವರೆ ಆಳೆತ್ತರದ ಆ ಮೇಲಿನ ಬಾರ್‌ನಲ್ಲಿ ತೂಗಿ, ಕೈ ಬಿಟ್ಟು, ಗಾಳಿಯಲ್ಲಿ ತಿರುಗಿ, ಮತ್ತೆ ಅದೇ ಬಾರ್ ಹಿಡಿಯುವ ಆಟ ಅವಳ ತುರುಪು. ಅದನ್ನು ಮಾಡಬಲ್ಲವಳು ಆ ಹಾಲ್‌ನಲ್ಲಿ ಅವಳೊಬ್ಬಳೇ.

ಅವಳಿಗಿಂತ ಮುಂಚೆ ಇಬ್ಬರು ಬಾಕಿಯಿದ್ದಾಗ ಬಾತ್‌ರೂಮಿಗೆ ಹೋದಳು. ಬರುವುದು ತಡವಾಯಿತು. ನಾನು ಬಾಗಿಲು ನೋಡಿದೆ, ಗಡಿಯಾರ ನೋಡಿದೆ, ಮತ್ತೆ ಬಾಗಿಲು ನೋಡಿದೆ. ಕೊನೆಗೆ ಜಾಕೆಟ್ ಜೇಬಿನಲ್ಲಿ ಕೈ ಇಟ್ಟುಕೊಂಡು ಬಂದವಳು ಜಾಕೆಟ್ ಬಿಚ್ಚಿ ಬೆಂಚಿನ ಮೇಲೆ ಹಾಕಿ, ನೇರ ಪುಡಿಯ ಬೋಗುಣಿಯತ್ತ ನಡೆದಳು. ಅವಳ ಹೆಸರು ಕೂಗಿದರು. ನಾನು ಓಡಿಹೋಗಿ ಚೀಲದೊಳಗೆ ಕೈ ಹಾಕಿದೆ.

ಟವೆಲ್ ಒಣಗಿತ್ತು. ನಾಲ್ಕು ಮಡಿಕೆಯೂ ಹಾಗೇ ಇದ್ದವು.

ಬೆಂಚಿನ ಬಳಿಯಿಂದಲೇ ಅಂಗೈ ಉಜ್ಜಿ ತೋರಿಸಿ 'ಒರೆಸು, ಒರೆಸು' ಎಂದು ಸನ್ನೆ ಮಾಡಿದೆ. ಅವಳು ನನ್ನತ್ತ ನೋಡಲೇ ಇಲ್ಲ. ಪುಡಿ ಹಚ್ಚಿ, ತೀರ್ಪುಗಾರರಿಗೆ ಕೈಯೆತ್ತಿ, ಬಾರ್ ಹಿಡಿದೇಬಿಟ್ಟಳು. ನಾನು ಹೋಗಿ ಕೆಳಗೆ ನಿಂತೆ.

ಕೆಳಗಿನ ಬಾರ್ ಮುಗಿಯಿತು. ಮೇಲಿನದಕ್ಕೆ ಹಾರಿದಳು, ಹಿಡಿದಳು. ಬಾರ್‌ನಿಂದ ಪುಡಿ ಉದುರಿ ನನ್ನ ಮುಖದ ಮೇಲೆ ಬಿತ್ತು. ಅದರಲ್ಲಿ ಮುದ್ದೆ ಇದೆಯೇ ಎಂದು ಹುಡುಕಿದೆ. ಒಂದು ಸುತ್ತು. ಎಡಗೈಯ ಕಿರುಬೆರಳು ಅಲುಗಿದಂತೆ ಕಂಡಿತು. ಎರಡು ಸುತ್ತು. ಈಗ ಜಾರುತ್ತದೆ, ಈಗ ಜಾರುತ್ತದೆ ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಅವಳ ಕತ್ತು ಮ್ಯಾಟಿಗೆ ಬಡಿಯುವುದು ಕಣ್ಣಿಗೆ ಕಟ್ಟಿತು, ತಂಗಿಯ ಮುಖವೂ ಕಟ್ಟಿತು. ಮೂರನೇ ಸುತ್ತಿನ ಮೇಲೆ ಅವಳು ಕೈ ಬಿಡಬೇಕು.

"ಬಿಡಬೇಡ!" ಎಂದು ಕಿರುಚಿದೆ. "ಕೈ ಬಿಡಬೇಡ ಕಣೇ!"

ಅವಳು ಬಿಡಲಿಲ್ಲ. ಪೂರಾ ವೇಗದಲ್ಲಿದ್ದ ಮೈ ಗಕ್ಕನೆ ತಡೆದುಕೊಂಡು ಹಿಂದಕ್ಕೂ ಮುಂದಕ್ಕೂ ಜೋತಾಡಿತು. ಅಷ್ಟು ದೊಡ್ಡ ಎಳೆತಕ್ಕೂ ಅವಳ ಕೈ ನೂಲಿನಷ್ಟೂ ಜಾರಲಿಲ್ಲ. ಅದನ್ನು ನಾನು ನೋಡುತ್ತಿರುವಾಗಲೇ ಮುಖ್ಯ ತೀರ್ಪುಗಾರರು ಕೆಂಪು ಬಾವುಟ ಎತ್ತಿದರು: ಸರದಿ ಮುಗಿಯಿತು.

ಅವಳು ಇಳಿದು ಬಂದು ನನ್ನ ಮುಂದೆ ಎರಡೂ ಅಂಗೈ ಚಾಚಿದಳು. ತೆಳ್ಳಗಿನ, ಒಣಗಿದ ಪುಡಿ. ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ನಾನು ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಮಾಡಿದ ಕೈ ನಾನು ಬೇರೆ ನೋಡಿಲ್ಲ.

"ಟವೆಲ್ ಮುಟ್ಟೇ ಇಲ್ವಲ್ಲೇ ನೀನು!"

"ಬಾತ್‌ರೂಮಲ್ಲಿ ಒರೆಸ್ಕೊಂಡೆ ಟೀಚರ್. ಸಾಕ್ಸಲ್ಲಿ." ಬೆಂಚಿನ ಮೇಲಿದ್ದ ಜಾಕೆಟ್‌ನ ಜೇಬಿನಿಂದ ಒಂದು ಜೊತೆ ಸಾಕ್ಸ್ ತೆಗೆದು ತೋರಿಸಿದಳು. ಹಿಂಡಿದರೆ ನೀರು ಬರುವಂತಿತ್ತು. "ಕೈಯೂ ಒರೆಸ್ಕೊಂಡೆ, ಕಾಲೂ ಒರೆಸ್ಕೊಂಡೆ. ಎಷ್ಟೋ ಸಲ."

"ಇಲ್ಲೇ ಒರೆಸ್ಕೊಳ್ಳೋಕೆ ಏನಾಗಿತ್ತು ನಿಂಗೆ?"

"ಇಲ್ಲಿ ಎಲ್ಲಾ ಕಡೆಯ ಹುಡುಗೀರೂ ಇದ್ರಲ್ಲ. ನೀವು ನಲ್ಲಿ ಅಂತೀರಿ, ಎಲ್ರೂ ನಗ್ತಾರೆ."

ತೀರ್ಪುಗಾರರ ಮೇಜಿನ ಬಳಿ ಹೋಗಿ ಕೈಮುಗಿದೆ. ತಪ್ಪು ನನ್ನದು, ಮಗುವಿನದಲ್ಲ, ಇನ್ನೊಂದು ಸರದಿ ಕೊಡಿ ಎಂದೆ. ಬೇಕಾದರೆ ನನ್ನನ್ನು ಹೊರಗೆ ಹಾಕಿ ಎಂದೆ. ಮುಖ್ಯ ತೀರ್ಪುಗಾರರು ನನಗಿಂತ ಚಿಕ್ಕವರು, ಒಳ್ಳೆಯವರು. "ನಿಮಗೆ ಗೊತ್ತಿಲ್ದೇ ಇರೋ ನಿಯಮ ಅಲ್ಲ ಮೇಡಂ," ಎಂದು ಮೆಲ್ಲಗೆ ಹೇಳಿ ಮುಂದಿನ ಹೆಸರು ಕರೆದರು.

ಬಸ್ ನಿಲ್ದಾಣದವರೆಗೆ ಅವಳು ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಶೂ ಬಿಚ್ಚಿ, ಬಿಸಿಲಿಗೆ ಕಾಲು ಚಾಚಿ ಒಣಗಿಸಿಕೊಂಡಳು. ದಾರಿಹೋಕರು ನೋಡಿಕೊಂಡು ಹೋದರು.

"ತಪ್ಪಾಯ್ತು ಕಣೇ ಮರಿ," ಎಂದೆ. "ನೀನು ಬೀಳ್ತೀಯಾಂತ ಜೀವ ಬಾಯಿಗೆ ಬಂದಿತ್ತು."

"ಗೊತ್ತು."

"ನಾಳೆ ಅಭ್ಯಾಸಕ್ಕೆ ಬರ್ತೀಯಲ್ಲ?"

ಅವಳು ಒದ್ದೆ ಸಾಕ್ಸನ್ನು ಬೆಂಚಿನ ಅಂಚಿಗೆ ಹರಡಿದಳು.

"ಬರ್ತೀನಿ. ಆದ್ರೆ ಬಾರ್ ಕೆಳಗೆ ನೀನು ನಿಲ್ಬೇಡ ದೊಡ್ಡಮ್ಮ," ಎಂದಳು. "ಮೇಲಿಂದ ನಿನ್ನ ಮುಖ ಕಾಣುತ್ತೆ. ಕಂಡ್ರೆ ನಂಗೆ ಕೈ ಬೆವರುತ್ತೆ."

ಬಸ್ಸು ಬಂತು. ಅವಳು ಶೂ ಕೈಯಲ್ಲಿ ಹಿಡಿದುಕೊಂಡೇ ಹತ್ತಿ, ಕಿಟಕಿ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿ ಕೂತೆ.