ಮನೆಯ ನಾಲ್ಕನೇ ಓಟು

ಮಳವಳ್ಳಿಯಿಂದ ಮದ್ದೂರಿಗೆ ಹೊರಟ ಖಾಸಗಿ ಬಸ್ಸಿನಲ್ಲಿ ಪ್ರಸನ್ನ ಮೇಷ್ಟ್ರು ತೊಡೆಯ ಮೇಲೆ ಒಂದು ಫೈಲು ಇಟ್ಟುಕೊಂಡು ಕೂತಿದ್ದರು. ಈಗಿಲ್ಲದ ಹಳೆಯ ಗ್ರಾಮಾಂತರ ಲೋಕಸಭಾ ಕ್ಷೇತ್ರದ ಚುನಾವಣೆಗಳ ಚರಿತ್ರೆ ಅದರಲ್ಲಿತ್ತು. ಗಡಿ ಮರುವಿಂಗಡಣೆಯಲ್ಲಿ ಆ ಕ್ಷೇತ್ರ ನಕ್ಷೆಯಿಂದಲೇ ಅಳಿಸಿಹೋಗಿತ್ತು. ಕಾಲೇಜಿನ ವತಿಯಿಂದ ಅದರ ನೆನಪಿಗೊಂದು ಪುಸ್ತಕ, ಸಂಪಾದಕತ್ವ ಮೇಷ್ಟ್ರದು. ಗೆದ್ದವರು, ಸೋತವರು, ಠೇವಣಿ ಕಳಕೊಂಡವರು ಎಲ್ಲ ಫೈಲಿನಲ್ಲಿ ಸಾಲಾಗಿ ಕೂತಿದ್ದರು. "ಒಬ್ಬರಿಗೆ ಲೋಕಸಭೆ, ಮಿಕ್ಕವರಿಗೆಲ್ಲ ಶೋಕಸಭೆ" ಎಂದು ಮೇಷ್ಟ್ರು ತರಗತಿಯಲ್ಲಿ ನಗಿಸಿದ್ದರು. ಒಬ್ಬೊಬ್ಬ ಅಭ್ಯರ್ಥಿಯ ದನಿಯನ್ನೂ ಅನುಕರಿಸಿ ತೋರಿಸಿದ್ದರು. ಒಬ್ಬರದು ಬಿಟ್ಟು.

ಆ ಒಬ್ಬರು ವೈದ್ಯನಾಥಪುರದ ಚಿಕ್ಕಬೋರಯ್ಯ. ಕ್ಷೇತ್ರದ ಕೊನೆಯ ಚುನಾವಣೆಯಲ್ಲಿ, ಇಪ್ಪತ್ತೊಂದು ವರ್ಷದ ಹಿಂದೆ, ನಾಲೆಯ ಕೊನೇ ಭಾಗದ ಗದ್ದೆಗಳಿಗೆ ನೀರು ಕೇಳಿಕೊಂಡು ಪಕ್ಷೇತರರಾಗಿ ನಿಂತವರು. ಗುರುತು ತೆಂಗಿನಕಾಯಿ. ಅವರ ಹೆಸರಿನ ಮುಂದೆ ಷರಾ ಕಾಲಮಿನಲ್ಲಿ ಕಾಲೇಜಿನ ಹುಡುಗರು ಊರವರನ್ನು ಕೇಳಿ ಬರೆದಿದ್ದರು: 'ಕೊನೇ ಗಳಿಗೆಯಲ್ಲಿ ಕಣದಿಂದ ಹಿಂದೆ ಸರಿದರು.'

ಅದು ಸುಳ್ಳೆಂದು ಮೇಷ್ಟ್ರಿಗೆ ಗೊತ್ತಿತ್ತು. ಆ ಸುಳ್ಳು ಮೇಷ್ಟ್ರದೇ ಗಂಟಲಿನಿಂದ ಹೊರಟಿತ್ತು, ಅವರು ಕಾಲೇಜಿನಲ್ಲಿ ಓದುತ್ತಿದ್ದಾಗ. ಕಾಲೇಜು ವಾರ್ಷಿಕೋತ್ಸವದಲ್ಲಿ ಮಿಮಿಕ್ರಿಗೆ ಬಹುಮಾನ ಗೆದ್ದಿದ್ದ ಹುಡುಗನನ್ನು ಯಾರೋ ಎದುರಾಳಿ ಕಡೆಯವರು ಪ್ರಚಾರದ ಕೊನೆಯ ಸಂಜೆ ಟಾರ್ಪಾಲು ಕಟ್ಟಿದ ಜೀಪಿಗೆ ಹತ್ತಿಸಿಕೊಂಡಿದ್ದರು. ಒಂದು ಬಿರಿಯಾನಿ, ಹೊಟ್ಟೆ ತುಂಬ ನಗು. ಚಿಕ್ಕಬೋರಯ್ಯ ಮಳವಳ್ಳಿ ಕಡೆ ಭಾಷಣ ಮಾಡುತ್ತಿದ್ದ ಹೊತ್ತಿಗೆ ಅವರ ದನಿ ಅವರ ಊರಿನ ಬೀದಿಯಲ್ಲೇ ಮೈಕಿನಲ್ಲಿ ಕೂಗಿಕೊಂಡು ಹೋಗಿತ್ತು.

ಈಗ ಮೇಷ್ಟ್ರ ಉಪಾಯ ಸಣ್ಣದು. 'ನಾನು ಹಿಂದೆ ಸರೀಲಿಲ್ಲ' ಎಂದು ಮುದುಕನ ಕೈಲಿ ಒಂದು ಚೀಟಿ ಬರೆಸಿಕೊಂಡು ಷರಾ ಅಳಿಸುವುದು. ತನ್ನ ಹೆಸರು ಎಲ್ಲೂ ಬರಬಾರದು.

ವೈದ್ಯನಾಥಪುರದಲ್ಲಿ ಚಿಕ್ಕಬೋರಯ್ಯನವರ ಮನೆಯಂಗಳದ ನಟ್ಟನಡುವೆ ಆಳೆತ್ತರದ ಇಟ್ಟಿಗೆ ಗೋಡೆ ಇತ್ತು. ಈಚೆ ಚಿಕ್ಕಬೋರಯ್ಯ ಹಗ್ಗ ಹೊಸೆಯುತ್ತಿದ್ದರು. ಹೆಂಡತಿ ಬೆಳ್ಳಮ್ಮ ಕಾಫಿ ತಂದಿಟ್ಟರು. ಮೇಷ್ಟ್ರು ಷರಾ ಓದಿ ಹೇಳಿದರು.

"ಸರಿದಿಲ್ಲ ಕಣ್ ಮೇಷ್ಟ್ರೆ," ಅಂದರು ಚಿಕ್ಕಬೋರಯ್ಯ. "ಯಾವನೋ ನನ್ನ ಗಂಟ್ಲು ಕದ್ದ. ಮಾರನೆ ದಿನ ಮನೆಮನೆಗೂ ಓಗಿ ಯೋಳ್ದೆ. 'ನೆನ್ನೆ ಮೈಕಲ್ಲಿ ಅಂಗಂದೆ, ಇವತ್ತು ಬಾಯಲ್ಲಿ ಇಂಗಂತೀಯಾ'ಂತ ನಕ್ರು. ನಮ್ಮೂರ್ ಬೂತಲ್ಲಿ ನನಗೆ ಬಿದ್ದಿದ್ದು ಮೂರೋಟು. ಮನೇಲಿದ್ದಿದ್ದು ನಾಲ್ಕು. ನಾನು, ನಮ್ಮವ್ವ, ಇವ್ಳು, ನನ್ ತಮ್ಮ." ಗೋಡೆಯ ಕಡೆ ಗದ್ದ ತೋರಿಸಿದರು. "ಮನೆಯೋನೇ ಕೈ ಕೊಟ್ಟ. ಆವತ್ತೇ ಬ್ಯಾರೆ ಆದೊ. ಇವತ್ಗೂ ಅವನ ಮಕ ನೋಡಿಲ್ಲ."

"ಸಿದ್ದರಾಜುನ್ನ ಯಾಕ್ ಎಳೀತೀರಿ, ಬುಡಿ ಅತ್ಲಾಗೆ," ಅಂದರು ಬೆಳ್ಳಮ್ಮ.

"ಹಂಗಾದ್ರೆ ಒಂದು ಚೀಟಿ ಬರೆದುಕೊಡಿ ಸಾಕು," ಅಂದರು ಮೇಷ್ಟ್ರು ಆತುರದಲ್ಲಿ.

"ಸುಳ್ಳು ಬರೆಸ್ಕಬ್ಯಾಡಿ ಮೇಷ್ಟ್ರೆ," ಅಂದರು ಬೆಳ್ಳಮ್ಮ. "ನಾನು ಇದೇ ಬಾಗ್ಲಲ್ಲಿ ನಿಂತು ಕೇಳಿವ್ನಿ. ಇವರ ಜೊತೆ ಬಾಳ್ವೆ ಮಾಡಿದೋಳು, ಇವರ ದನಿ ನನಗೆ ತಿಳೀದಾ? ಮಾತಿನ ಮಧ್ಯ ಕೆಮ್ಮೋದೂ ಇವರ್ದೇ."

ಹೆಂಡತಿಗೇ ಗೊತ್ತಾಗಿಲ್ಲ! ಮೇಷ್ಟ್ರ ಎದೆ ಒಂದು ಕ್ಷಣ ಉಬ್ಬಿತು. ಯಾವ ಬಹುಮಾನಕ್ಕೂ ಹಾಗೆ ಉಬ್ಬಿರಲಿಲ್ಲ. ಉಬ್ಬಿದ್ದು ಅರಿವಿಗೆ ಬಂದೊಡನೆ ಮುಖ ಕಿವಿಯವರೆಗೂ ಸುಟ್ಟಿತು. ಕಾಫಿ ಲೋಟ ಕೆಳಗಿಟ್ಟರು.

"ಅಮ್ಮ, ಅದು ಇವರಲ್ಲ. ನಾನು."

ಬೆಳ್ಳಮ್ಮ ನಕ್ಕುಬಿಟ್ಟರು. "ಪಾಪ, ಯಜಮಾನ್ರ ಮಾನ ಉಳಿಸಾಕೆ ಯೋಳ್ತಿದೀರಿ."

ಬೇರೆ ದಾರಿ ಇರಲಿಲ್ಲ. ಮೇಷ್ಟ್ರು ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡರು.

"ಅಣ್ತಮ್ಮದೀರೇ, ನಾನು ನಿಮ್ಮ ಚಿಕ್ಕಬೋರಯ್ಯ. ನಿಮ್ಮ ಕಾಲಿಗ್ ಬಿದ್ದು ಕೇಳ್ಕೊಳ್ತೀನಿ," ನಡುವೆ ಎರಡು ಒಣ ಕೆಮ್ಮು, "ತೆಂಗಿನಕಾಯಿಗೆ ಒತ್ಬೇಡಿ. ನಾನು ಕಣದಿಂದ ಸರ್ದಿವ್ನಿ."

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಬೆಳ್ಳಮ್ಮ ಒಮ್ಮೆ ಗಂಡನ ತುಟಿ, ಒಮ್ಮೆ ಮೇಷ್ಟ್ರ ತುಟಿ ನೋಡಿದರು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತರು.

"ಹುಡುಗಾಟಕ್ಕೆ ಮಾಡಿದ್ದು," ಅಂದರು ಮೇಷ್ಟ್ರು. ಎಷ್ಟು ಸಣ್ಣ ಮಾತು ಅನ್ನಿಸಿತು. "ತಪ್ಪಾಯ್ತು. ಪುಸ್ತಕದಲ್ಲಿ ನನ್ನ ಹೆಸರು ಹಾಕಿಯೇ ಬರೀತೀನಿ."

ಚಿಕ್ಕಬೋರಯ್ಯ ಹಗ್ಗ ಪಕ್ಕಕ್ಕಿಟ್ಟರು. ಆಮೇಲೆ "ಕೆಮ್ಮು ಚೆನ್ನಾಗ್ ಬತ್ತದೆ ನಿಮಗೆ," ಅಂದರು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ಆ ನಾಲ್ಕನೇ ಓಟು ನಂದು," ಅಂದರು ಬೆಳ್ಳಮ್ಮ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ. "ನನಗೊಂದು ಮಾತೂ ಯೋಳ್ದೆ ಊರಿಗೆಲ್ಲ ಮೈಕಲ್ಲಿ ಸಾರ್ಕೊಂಡು ಬಂದ್ರಲ್ಲಾ, ಎಷ್ಟಕ್ಕೆ ಮಾರ್ಕೊಂಡ್ರೋ ಅಂತ ಸಿಟ್ಟು ಬಂತು. ಬ್ಯಾರೆ ಗುಂಡಿ ಒತ್ತುಬುಟ್ಟೆ. ನೀವು ಸಿದ್ದರಾಜು ಮ್ಯಾಲೆ ಬಿದ್ರಿ. ನಾನು ಬಾಯಿ ಬುಡ್ನಿಲ್ಲ."

"ಗ್ವಾಡೆ ಏಳೋವಾಗ್ಲೂ ಬುಡ್ನಿಲ್ವಲ್ಲಮ್ಮಿ."

"ಮಣ್ಣು ಕಲಸ್ಕೊಟ್ಟೋಳೂ ನಾನೇ."

ಗೋಡೆಯಾಚೆ ಯಾರೋ ಕೊಡಲಿಯಿಂದ ಸೌದೆ ಸೀಳುತ್ತಿದ್ದರು. ಚಿಕ್ಕಬೋರಯ್ಯ ಎದ್ದು ಗೋಡೆಯ ಹತ್ತಿರ ಹೋದರು. ಬಾಯಿ ತೆರೆದರು. ಮುಚ್ಚಿದರು. ತಿರುಗಿ ಮೇಷ್ಟ್ರನ್ನು ಸನ್ನೆಯಲ್ಲಿ ಕರೆದರು.

"ನನಗೆ ನಾಲ್ಗೆ ಬತ್ತಿಲ್ಲ. ನನ್ ದನಿ ನಿಮ್ತಾವ ಅದ್ಯಲ್ಲ. ನೀವೇ ಒಂದ್ಸಲ ಕರೀರಿ ಅವನ್ನ."

ಮೇಷ್ಟ್ರು ಗೋಡೆಯ ಹತ್ತಿರ ನಿಂತರು. ಆ ದನಿ ಇನ್ನೂ ಗಂಟಲಲ್ಲೇ ಬೆಚ್ಚಗಿತ್ತು. ಉಸಿರೆಳೆದುಕೊಂಡರು, ಆದರೆ ಆಗಲಿಲ್ಲ. "ಇದೊಂದು ನೀವೇ ಕರೀಬೇಕು ಬೋರಯ್ಯನೋರೆ," ಎಂದು ಹಿಂದೆ ಸರಿದರು.

ಮುದುಕರು ಗೋಡೆಗೆ ಎರಡೂ ಕೈಯೂರಿದರು.

"ಲೇ ಸಿದ್ದರಾಜು... ಬಾರ್ಲಾ ಈಚೆಗೆ."

ಕೊಡಲಿ ಸದ್ದು ನಿಂತಿತು. ಆಮೇಲೆ ಆಚೆಯಿಂದ ಸಿಡುಕಿನ ಮಾತು ಬಂತು:

"ಯಾವನ್ಲಾ ಅವ್ನು, ಮತ್ತೆ ನಮ್ಮಣ್ಣನ ದನೀಲಿ ಕೂಗ್ತಿರೋನು?"

ಚಿಕ್ಕಬೋರಯ್ಯ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಲೆ ಎತ್ತಲಿಲ್ಲ.